ಹಡಗು ಹತ್ತುವ ಮುಂಚೆ

ಬಿಜಾಪುರ ಸೀಮೆಯವರಿಗೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವಾ, ಪುಣೆ, ಮುಂಬಯಿ ಕಡೆಗೆ ಗುಳೆ ಹೋಗುವುದು ಇಲ್ಲಿನ ಹಳ್ಳಿ-ತಾಂಡಾಗಳಿಗೆ ಅಜ್ಜ-ಮುತ್ತಜ್ಜರ ಕಾಲದಿಂದ ಬಂದ ಪಾಠ. ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನಿಂದಾಗಿ ದೂರದೂರದ ಹಾಲುಮತದ ಭಕ್ತರಿಗೆ ಪರಿಚಿತವಾದ ಅರಕೇರಿಯಂಥ ಊರಿನಲ್ಲೂ ಈ ಪಾಠ ಗೊತ್ತಿಲ್ಲದ ಮನೆ ಕಡಿಮೆ. ಆದರೆ ಕಳೆದ ಕೆಲವು ವರ್ಷಗಳಿಂದ ಬಿಜಾಪುರ ಶಹರ, ತಿಕೋಟಾ, ಬಬಲೇಶ್ವರಗಳ ಸುತ್ತಲಿನ ಊರುಗಳಲ್ಲಿ ಇನ್ನೊಂದು ಬಗೆಯ ವಲಸೆಯ ಮಾತೂ ಕೇಳಿಬರುತ್ತಿದೆ. ಪಿಯುಸಿ ಮುಗಿಸಿದ ಹುಡುಗ ಅಥವಾ ಹುಡುಗಿ ಡಾಕ್ಟರಿಕೆ ಕಲಿಯಲು ರಶಿಯಾಕ್ಕೆ, ಕಿರ್ಗಿಸ್ತಾನಕ್ಕೆ, ಜಾರ್ಜಿಯಾಕ್ಕೆ ಹೊರಡುವ ಮಾತು. ಫಲಿತಾಂಶ ಬಂದ ವಾರದಲ್ಲಿಯೇ ಏಜೆಂಟರ ಫೋನು ಮನೆಗೆ ಬರುತ್ತದೆ. ಒಂದೆಡೆ ಹೊಲದ ಉತಾರೆ ತೆಗೆಸುವ ಓಡಾಟ, ಇನ್ನೊಂದೆಡೆ ಪಾಸ್‌ಪೋರ್ಟಿನ ಅವಸರ.

ಇದನ್ನು ನಾವು ಹೊಸ ಕಾಲದ ಹುಚ್ಚು ಎಂದು ತಳ್ಳಿಹಾಕುವುದುಂಟು. ಇಲ್ಲವೇ ಹೊಸ ಕಾಲದ ಭಾಗ್ಯ ಎಂದು ಹೊಗಳುವುದೂ ಉಂಟು. ಎರಡೂ ಸರಿಯಲ್ಲ. ವಿದ್ಯೆಗಾಗಿ ಕಡಲು ದಾಟುವುದಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಇತಿಹಾಸವಿದೆ. ಆ ಇತಿಹಾಸವನ್ನು ನೋಡಿದರೆ ಯಾವ ಕಾಲದಲ್ಲಿಯೂ ಹೊರಡುವವನಿಗೆ ನಾಲ್ಕು ಸಂಗತಿಗಳು ಬೇಕಾಗಿದ್ದವು ಎಂಬುದು ತಿಳಿಯುತ್ತದೆ. ಹೋಗಲು ಅಪ್ಪಣೆ, ಅಲ್ಲಿ ನಡೆಯುವ ಭಾಷೆ, ಕೈಯಲ್ಲಿ ಹಣ, ಹೋದಲ್ಲಿ ಕೈಹಿಡಿಯುವವರು. ಈ ನಾಲ್ಕು ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ಇವುಗಳ ಭಾರವನ್ನು ಹೊರುವವರು ಯಾರು ಎಂಬುದು. ಈ ಬರಹದ ಕಾಳಜಿ ಅದೇ.

ಬಿಜಾಪುರವೇ ಪರದೇಶವಾಗಿದ್ದಾಗ

2014ರ ನವೆಂಬರ್ 1ರಂದು ವಿಜಯಪುರ ಎಂಬ ಹೆಸರು ಪಡೆದ ನಮ್ಮ ಶಹರ ಒಂದು ಕಾಲಕ್ಕೆ ತಾನೇ ಇತರರ ಪಾಲಿನ ಪರದೇಶವಾಗಿತ್ತು. ಇಲ್ಲಿಂದ ಹೋಗುವವರಿಗಿಂತ ಇಲ್ಲಿಗೆ ಬರುವ ವಿದ್ವಾಂಸರ ಸಂಖ್ಯೆ ದೊಡ್ಡದಾಗಿತ್ತು. ಇರಾನಿನ ಗೀಲಾನಿನಿಂದ ದಾಭೋಳ ಬಂದರಿಗೆ ಬಂದಿಳಿದ ಮಹಮೂದ್ ಗವಾನ್ ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಅರ್ಧ ನಿಂತಿದೆ. ಅಸ್ತರಾಬಾದಿನಲ್ಲಿ ಹುಟ್ಟಿ ಬಾಲ್ಯದಲ್ಲೇ ದಖನ್ನಿಗೆ ಬಂದ ಫಿರಿಶ್ತಾ ತನ್ನ ಪ್ರಸಿದ್ಧ ಚರಿತ್ರೆಯನ್ನು ಬರೆದದ್ದು ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಕವಿ ಜುಹೂರಿ ಕೂಡ ಪರ್ಷಿಯಾದಿಂದ ಬಂದವನೇ.

ವಿದ್ವಾಂಸರು ಬಂದರೆ ವಿದ್ಯಾರ್ಥಿಗಳೂ ಬರುತ್ತಾರೆ. ಮುಹಮ್ಮದ್ ಆದಿಲಶಾಹನ ಕಾಲಕ್ಕೆ ಆಸಾರ್ ಮಹಲಿನಲ್ಲಿ ಮದರಸಾಗಳು, ಜಾಮಿಯಾ ಮಸೀದಿಯಲ್ಲಿ ಮಕ್ತಬ್‌ಗಳು ನಡೆಯುತ್ತಿದ್ದವು. ಅಲ್ಲಿ ಓದುವವರಿಗೆ ಎರಡು ಹೊತ್ತಿನ ಊಟ, ಅರಬ್ಬಿ-ಫಾರಸಿ ಪುಸ್ತಕಗಳು, ಕೈಖರ್ಚಿಗೆ ಒಂದು ಹೊನ್ನಿನ ವಜೀಫಾ ಸರಕಾರದಿಂದಲೇ ಸಿಗುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಓದುವವನ ಹೊಟ್ಟೆಯ ಚಿಂತೆ ಅವನ ತಂದೆಯದಾಗಿರಲಿಲ್ಲ, ದೌಲತ್ತಿನದಾಗಿತ್ತು.

ಇಲ್ಲಿಂದ ಹೊರಗೆ ಹೋದವರೂ ಇದ್ದರು. ಭರೂಚ್ ಮೂಲದ ಶತ್ತಾರಿ ಸೂಫಿ ಸೈಯದ್ ಸಿಬ್ಗತುಲ್ಲಾ ಬಿಜಾಪುರದಲ್ಲಿದ್ದು, ಸುಲ್ತಾನನ ನೆರವಿನಿಂದ ಹಡಗು ಹತ್ತಿ ಮದೀನಾ ಸೇರಿದರು. 1606ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಪಾಠ ಹೇಳಿದರು. ದಖನ್ನಿನ ದೊರೆಗಳು ಕಳಿಸಿದ ಕಾಣಿಕೆಯಿಂದ ಅವರು ಅಲ್ಲೊಂದು ರಿಬಾತ್ ಕಟ್ಟಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ರಿಬಾತ್ ಎಂದರೆ ದೂರದಿಂದ ಬಂದ ವಿದ್ಯಾರ್ಥಿಗಳೂ ಸಾಧಕರೂ ತಂಗುವ ಮನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲ್ಲು. ನಾಲ್ಕುನೂರು ವರ್ಷಗಳ ಹಿಂದೆಯೇ ಹೋದಲ್ಲಿ ಕೈಹಿಡಿಯುವವರ ಏರ್ಪಾಡು ಇತ್ತೆಂಬುದಕ್ಕೆ ಇದು ಸಾಕ್ಷಿ.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಬಿದ್ದ ಮೇಲೆ ವಜೀಫಾಗಳು ನಿಂತವು, ಉಸ್ತಾದರು ಚದುರಿದರು. ಆಸಾರ್ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 19ನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷರು ಲಂಡನ್ನಿನ ಇಂಡಿಯಾ ಆಫೀಸಿಗೆ ಸಾಗಿಸಿದರು. ಬ್ರಿಟಿಷ್ ಲೈಬ್ರರಿಯಲ್ಲಿ ಅವು ಇಂದಿಗೂ ಬಿಜಾಪುರದ ಹೆಸರಿನಲ್ಲಿಯೇ ಇವೆ. ಹೀಗೆ ಬಿಜಾಪುರದ ಮಕ್ಕಳು ಲಂಡನ್ನಿಗೆ ಓದಲು ಹೋಗುವ ಮೊದಲೇ ಬಿಜಾಪುರದ ಪುಸ್ತಕಗಳು ಅಲ್ಲಿಗೆ ಹೋಗಿ ಕುಳಿತಿದ್ದವು. ದಿಕ್ಕು ತಿರುಗಿತ್ತು.

ಅಪ್ಪಣೆಯ ಚೀಟಿ

ಹೊರಡುವವನಿಗೆ ಮೊದಲು ಬೇಕಾದದ್ದು ಅಪ್ಪಣೆ. 1510ರಲ್ಲಿ ಗೋವಾ ಆದಿಲಶಾಹಿಗಳ ಕೈತಪ್ಪಿದ ಮೇಲೆ ಅರಬ್ಬಿ ಸಮುದ್ರದಲ್ಲಿ ಪೋರ್ಚುಗೀಸರ 'ಕರ್ತಾಜ್' ಎಂಬ ಚೀಟಿಯಿಲ್ಲದೆ ಹಡಗು ಸಾಗಿಸುವುದು ಅಪಾಯಕ್ಕೆ ಕೈಯೊಡ್ಡಿದಂತಿತ್ತು. ಚೀಟಿಯಿಲ್ಲದ ಹಡಗನ್ನು ಅವರು ಹಿಡಿದು ಸುಲಿಯುತ್ತಿದ್ದರು. ಆ ಚೀಟಿಯ ಮೇಲೆ ಮರಿಯಮ್ ಮತ್ತು ಈಸಾರ ಚಿತ್ರವಿರುತ್ತದೆ, ಅದನ್ನು ಹಿಡಿದುಕೊಂಡು ಹಜ್ಜಿಗೆ ಹೋಗಬಹುದೇ ಎಂಬ ಜಿಜ್ಞಾಸೆ ಅಕ್ಬರನ ಕಾಲದ ಉಲಮಾಗಳಲ್ಲಿ ನಡೆದಿತ್ತು. ಕಾಗದದ ತುಂಡೊಂದು ಮನುಷ್ಯನ ಸಫರನ್ನು ತಡೆಯುವ ಕಥೆ ವೀಸಾ ಕಾಲದಲ್ಲಿ ಶುರುವಾದದ್ದಲ್ಲ.

ಇಂಗ್ಲಿಷರ ಕಾಲಕ್ಕೆ ಅಪ್ಪಣೆ ಕೇಳಬೇಕಾದದ್ದು ಸರಕಾರದ ಹತ್ತಿರವಲ್ಲ, ಜಾತಿಯ ಹತ್ತಿರ. ಮೆಟ್ರಿಕ್ ಪಾಸಾಗಿ, ಒಂದಿಷ್ಟು ದಿನ ಭಾವನಗರದ ಕಾಲೇಜಿನಲ್ಲಿದ್ದು, 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಮೋಹನದಾಸ ಗಾಂಧಿಯನ್ನು ಅವರ ಜಾತಿಯ ಪಂಚರು ಬಹಿಷ್ಕರಿಸಿದರು. ಆಗ ಪಾಸ್‌ಪೋರ್ಟಿನ ಕಟ್ಟುನಿಟ್ಟು ಇರಲಿಲ್ಲ. ಅದು ಮೊದಲ ಮಹಾಯುದ್ಧದ ನಂತರ ಬಂದದ್ದು, ಭಾರತದಲ್ಲಿ 1920ರ ಕಾಯ್ದೆಯಿಂದ. ತಾಯಿಗೆ ಕೊಟ್ಟ ಮಾತು, ಅಣ್ಣ ಹೊಂದಿಸಿದ ಹಣ, ಒಂದೆರಡು ಪರಿಚಯ ಪತ್ರ — ಗಾಂಧೀಜಿಯ ತಯಾರಿ ಇಷ್ಟೇ.

ಕನ್ನಡ ನಾಡಿನಿಂದ ಯುರೋಪಿಗೆ ಓದಲು ಹೋದ ಮೊದಮೊದಲಿಗರಲ್ಲಿ ಒಬ್ಬರು ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯ. ಸಾರಸ್ವತ ಮನೆತನದ ಈ ತರುಣ 1844ರಲ್ಲಿ ಕ್ರೈಸ್ತ ಮತಕ್ಕೆ ಸೇರಿ, 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಸೆಮಿನರಿಗೆ ಹೋದರು. ಐದು ವರ್ಷ ಓದಿ 1851ರಲ್ಲಿ ಮರಳಿದರು. ಜಾತಿಯ ಬಾಗಿಲು ಮುಚ್ಚಿದ್ದರಿಂದಲೇ ಅವರಿಗೆ ಕಡಲಿನ ಬಾಗಿಲು ತೆರೆಯಿತು ಎಂದರೂ ತಪ್ಪಿಲ್ಲ.

ಮುಸ್ಲಿಮರಿಗೆ ಕಡಲಿನ ನಿಷೇಧವಿರಲಿಲ್ಲ. ಹಜ್ಜಿನ ದಾರಿಯೇ ಕಡಲ ಮೇಲಿತ್ತು. ಆದರೂ ಇಂಗ್ಲಿಷ್ ವಿದ್ಯೆಯ ವಿಷಯದಲ್ಲಿ ನಮ್ಮವರು ತಡಮಾಡಿದರು. ತಡಮಾಡದ ಒಬ್ಬರನ್ನು ಇಲ್ಲಿ ನೆನೆಯಬೇಕು. ಮುಂಬಯಿಯ ವ್ಯಾಪಾರಿ ತಯ್ಯಬ್ ಅಲಿಯವರು ತಮ್ಮ ಮಗ ಬದ್ರುದ್ದೀನನನ್ನು 1860ರಲ್ಲಿ, ಇನ್ನೂ ಶಾಲೆ ಓದುವ ವಯಸ್ಸಿನಲ್ಲಿಯೇ ಇಂಗ್ಲೆಂಡಿಗೆ ಕಳಿಸಿದರು. ಹುಡುಗ ಅಲ್ಲಿ ಶಾಲೆ ಸೇರಿ, ಲಂಡನ್ನಿನ ಮೆಟ್ರಿಕ್ ಮುಗಿಸಿ, 1867ರಲ್ಲಿ ಬ್ಯಾರಿಸ್ಟರನಾದ. ಬಿಜಾಪುರ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದ ಹೈಕೋರ್ಟಿನಲ್ಲಿ ಮುಂದೆ ನ್ಯಾಯಮೂರ್ತಿಯಾದವರು ಇದೇ ಬದ್ರುದ್ದೀನ್ ತಯ್ಯಬ್ಜಿ. ಅವರ ಬದುಕಿನ ದೊಡ್ಡ ಕೆಲಸ ಬ್ಯಾರಿಸ್ಟರಿಕೆಯಲ್ಲ. ಮರಳಿ ಬಂದು, 1874ರಲ್ಲಿ ಇತರರೊಡನೆ ಸೇರಿ ಅಂಜುಮನ್-ಎ-ಇಸ್ಲಾಂ ಕಟ್ಟಿ, ತಮಗೆ ಸಿಕ್ಕ ವಿದ್ಯೆ ಪ್ರಾಂತದ ಬಡ ಮಕ್ಕಳಿಗೂ ಸಿಗಲೆಂದು ಶಾಲೆ ತೆರೆಸಿದ್ದು.

ಇಂದು ಅಪ್ಪಣೆ ಎಂದರೆ ಕಾಗದ. ಬಿಜಾಪುರ ಭಾಗದ ನಮ್ಮ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಹಳ್ಳಿಯ ಶಾಲೆಯ ದಾಖಲೆಯಲ್ಲಿ 'ಮಾಬುಸಾಬ' ಎಂದು ಬರೆಸಿದ ಹೆಸರು ಎಸ್ಸೆಸ್ಸೆಲ್ಸಿಯಲ್ಲಿ 'ಮೆಹಬೂಬಸಾಬ', ಆಧಾರಿನಲ್ಲಿ 'ಮೆಹಬೂಬ್' ಆಗಿರುತ್ತದೆ. ಮುಲ್ಲಾ, ಮುಜಾವರ, ನದಾಫ, ಇನಾಮದಾರ ಎಂಬ ಅಡ್ಡಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ತಾಯಿಯ ಹೆಸರು ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಎಲ್ಲರಿಗೂ ಅವನು ಮಾಬು. ಆದರೆ ವೀಸಾ ಕೊಡುವವನ ಮೇಜಿನ ಮೇಲೆ ಅವನು ಮೂರು ಬೇರೆ ಬೇರೆ ಮನುಷ್ಯನಾಗುತ್ತಾನೆ. ಪಾಸ್‌ಪೋರ್ಟಿನ ಕೆಲಸ ಅಂಚೆ ಕಚೇರಿಗಳಿಗೂ ಬಂದಿದೆ, 2017ರ ಜನವರಿಯಲ್ಲಿ ಮೈಸೂರಿನಿಂದಲೇ ಅದು ಶುರುವಾಯಿತು. ದಾರಿ ಹತ್ತಿರವಾದರೂ ಹೆಸರಿನ ಗೋಜಲು ಹಾಗೇ ಇದೆ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬರುವ ಮೊದಲೇ ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳನ್ನು ಒಂದೇ ರೀತಿ ಮಾಡಿಸಿಟ್ಟರೆ ಮುಂದೆ ಅರ್ಧ ಓಡಾಟ ಉಳಿಯುತ್ತದೆ. ಅದೇ ಅಂಕಪಟ್ಟಿಗೆ ಇನ್ನೊಂದು ಬೆಲೆಯೂ ಇದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಕೊಲ್ಲಿ ದೇಶಗಳಂಥ ಕಡೆ ದುಡಿಯಲು ಹೊರಟವನು ಹತ್ತನೆಯ ತರಗತಿ ಪಾಸಾಗಿದ್ದರೆ ವಲಸೆ ತಪಾಸಣೆಯ ಮುದ್ರೆಯಿಂದ ಪಾರಾಗುತ್ತಾನೆ. ಮೆಟ್ರಿಕ್ ಪಾಸಾದವನನ್ನೂ ಆಗದವನನ್ನೂ ವಿಮಾನ ನಿಲ್ದಾಣವೇ ಬೇರೆ ಬೇರೆಯಾಗಿ ನೋಡುತ್ತದೆ.

ಭಾಷೆಯ ಹೊಸ್ತಿಲು

ಉರ್ದು ಶಾಲೆಯಲ್ಲಿ ಕಲಿತವನು ವಿದೇಶಕ್ಕೆ ಹೋಗಬಲ್ಲನೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಆಗಾಗ ಏಳುತ್ತದೆ. ಕನ್ನಡ ಶಾಲೆಯವರಿಗೂ ಇದೇ ಅಳುಕು. ಇದಕ್ಕೆ ಉತ್ತರ ಹೈದರಾಬಾದಿನ ಇತಿಹಾಸದಲ್ಲಿದೆ. ಬೀದರ, ಕಲಬುರ್ಗಿ, ರಾಯಚೂರು 1948ರವರೆಗೂ ನಿಜಾಮರ ಸಂಸ್ಥಾನದಲ್ಲಿದ್ದವು. ಅಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನ, ಗಣಿತಗಳನ್ನೂ ಉರ್ದುವಿನಲ್ಲಿ ಕಲಿಸಿತು. ಅನುವಾದಕ್ಕೆಂದೇ ಒಂದು ಸಂಸ್ಥೆ ನಿಂತು, ನೂರಾರು ಪುಸ್ತಕಗಳನ್ನು ಸಿದ್ಧಪಡಿಸಿತು. ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಜೊತೆಯಲ್ಲಿ ಕಲಿಸಲಾಯಿತು. ಇಲ್ಲಿ ಗಣಿತ ಓದಿದ ರಜೀಉದ್ದೀನ್ ಸಿದ್ದೀಕಿ ಕೇಂಬ್ರಿಜ್‌ಗೆ ಹೋದರು, ಆಮೇಲೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗ್ ಅವರ ಬಳಿ ಡಾಕ್ಟರೇಟು ಪಡೆದರು. ಇಲ್ಲಿಯೇ ಓದಿದ ಮುಹಮ್ಮದ್ ಹಮೀದುಲ್ಲಾ ಜರ್ಮನಿಯ ಬಾನ್‌ನಲ್ಲಿಯೂ ಪ್ಯಾರಿಸಿನಲ್ಲಿಯೂ ಡಾಕ್ಟರೇಟು ಪಡೆದು, ಇಸ್ಲಾಮೀ ಅಧ್ಯಯನದಲ್ಲಿ ಜಗತ್ತಿಗೇ ಗುರುಗಳಾದರು.

ತಾಯ್ನುಡಿಯಲ್ಲಿ ವಿಷಯವನ್ನು ಗಟ್ಟಿಯಾಗಿ ಕಲಿತು, ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿತವನಿಗೆ ಮೂರನೆಯ ಭಾಷೆಯೂ ಒಲಿಯುತ್ತದೆ ಎಂಬುದು ಈ ಉದಾಹರಣೆಗಳ ಪಾಠ. ಶಾಲೆಯ ಮಾಧ್ಯಮಕ್ಕಿಂತ ಶಾಲೆಯ ಗುಣ ದೊಡ್ಡದು. ಇಂದು ನಮ್ಮ ಉರ್ದು ಶಾಲೆಗಳಲ್ಲಿ ಗಣಿತ-ವಿಜ್ಞಾನದ ಶಿಕ್ಷಕರ ಕುರ್ಚಿ ಖಾಲಿ ಇದ್ದರೆ ಆ ದೋಷವನ್ನು ಉರ್ದುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ರಶಿಯಾ ಕಡೆಗೆ ಹೋಗುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಆಸ್ಪತ್ರೆಯ ಹಾಸಿಗೆಯ ಮೇಲಿನ ಮುದುಕಿ ತನ್ನ ನೋವನ್ನು ತನ್ನ ಭಾಷೆಯಲ್ಲಿಯೇ ಹೇಳುತ್ತಾಳೆ. ಅವಳ ಮಾತು ತಿಳಿಯದವನು ಡಾಕ್ಟರಿಕೆಯನ್ನು ಪುಸ್ತಕದಿಂದ ಮಾತ್ರ ಕಲಿತು ಬರುತ್ತಾನೆ.

ಹಣ ಯಾರದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹದಿನಾರರ ಸರೋಜಿನಿ ಚಟ್ಟೋಪಾಧ್ಯಾಯ, ಮುಂದೆ ಸರೋಜಿನಿ ನಾಯ್ಡು ಆದವರು, 1895ರಲ್ಲಿ ಹೈದರಾಬಾದಿನಿಂದ ಇಂಗ್ಲೆಂಡಿಗೆ ಹೋದದ್ದು ನಿಜಾಮರ ವಿದ್ಯಾರ್ಥಿವೇತನದ ಮೇಲೆ. ಲಂಡನ್ನಿನ ಕಿಂಗ್ಸ್ ಕಾಲೇಜು, ಕೇಂಬ್ರಿಜ್‌ನ ಗರ್ಟನ್ ಕಾಲೇಜುಗಳಲ್ಲಿ ಓದಿದರು. ಮುಸ್ಲಿಂ ದೊರೆಯೊಬ್ಬನ ಖಜಾನೆ ಬ್ರಾಹ್ಮಣ ಬಾಲಕಿಯೊಬ್ಬಳನ್ನು ಕಡಲಾಚೆಗೆ ಕಳಿಸಿತು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಭೀಮರಾವ್ ಅಂಬೇಡ್ಕರರನ್ನು ಅಮೆರಿಕದ ಕೊಲಂಬಿಯಾಕ್ಕೆ ಕಳಿಸಿದರು. ಮರಳಿ ಬಂದು ಹತ್ತು ವರ್ಷ ಬರೋಡಾದಲ್ಲಿ ನೌಕರಿ ಮಾಡಬೇಕೆಂಬ ಕರಾರು ಅದಕ್ಕಿತ್ತು. ನಮ್ಮ ಪಕ್ಕದ ಕೊಲ್ಲಾಪುರದ ಶಾಹೂ ಮಹಾರಾಜರು 1920ರಲ್ಲಿ ಲಂಡನ್ನಿನ ಓದಿಗೆ ನೆರವಾದರು. ಈ ಹಣವಿಲ್ಲದಿದ್ದರೆ ದೇಶದ ಸಂವಿಧಾನದ ಕಥೆ ಬೇರೆಯಾಗುತ್ತಿತ್ತು.

ದೊರೆಗಳಲ್ಲದವರೂ ದಾರಿ ಹುಡುಕಿದರು. ಜಮ್ಶೇಟ್‌ಜಿ ಟಾಟಾ 1892ರಲ್ಲಿ ಒಂದು ನಿಧಿ ಇಟ್ಟರು. ಅದು ದಾನವಲ್ಲ, ಸಾಲ. ಓದಿ ಬಂದವನು ತೀರಿಸಿದ ಹಣ ಮುಂದಿನವನ ಪಾಲಿಗೆ ಹೋಗುತ್ತದೆ. ತುಮಕೂರು ಕಡೆಯ ರಾಜಾ ರಾಮಣ್ಣ ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿದ್ದು ಈ ನಿಧಿಯ ವಿದ್ಯಾರ್ಥಿಯಾಗಿಯೇ. ಅಲಿಗಡದಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನರು ವಿದ್ಯಾರ್ಥಿಯಾಗಿದ್ದಾಗಲೇ, 1890ರಲ್ಲಿ, ಅಂಜುಮನ್ ಅಲ್ ಫರ್ಜ್ ಕಟ್ಟಿದರು. ಅದರ ಸದಸ್ಯರು ರಜೆಯಲ್ಲಿ ಊರೂರು ತಿರುಗಿ ಬಡ ವಿದ್ಯಾರ್ಥಿಗಳಿಗಾಗಿ ಹಣ ಕೂಡಿಸುತ್ತಿದ್ದರು. ಹೆಸರಿನಲ್ಲಿಯೇ ಅವರ ತಿಳಿವಳಿಕೆಯಿದೆ. ಇದು ದಯೆಯಲ್ಲ, ಫರ್ಜ್, ಅಂದರೆ ಕರ್ತವ್ಯ.

ನಮ್ಮ ಹತ್ತಿರದ ಉದಾಹರಣೆ ಡಿ. ಸಿ. ಪಾವಟೆಯವರದು. 1899ರಲ್ಲಿ ಬೆಳಗಾವಿ ಜಿಲ್ಲೆಯ ಮಮದಾಪುರದಂಥ ಹಳ್ಳಿಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆಗಿ ಬಂದ ಅವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಬಿಜಾಪುರ ಜಿಲ್ಲೆಯ ಎರಡು ತಲೆಮಾರಿನವರು ಪದವಿ ಪಡೆದದ್ದು ಅದೇ ವಿಶ್ವವಿದ್ಯಾಲಯದಿಂದ. ಪಾವಟೆಯವರ ಹೆಸರಿನ ಫೆಲೋಶಿಪ್ ಮೇಲೆ ಧಾರವಾಡದಿಂದ ಕೇಂಬ್ರಿಜ್‌ಗೆ ಹೋಗಿಬಂದವರಿದ್ದಾರೆ. ಒಬ್ಬ ಹೋದ ದಾರಿ ಹೀಗೆ ಹಲವರ ದಾರಿಯಾಯಿತು. ನಂಜನಗೂಡಿನ ಮನೆತನದ ರಾಜೇಶ್ವರಿ ಚಟರ್ಜಿ 1947ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ನಿಗೆ ಹಡಗಿನಲ್ಲಿ ಹೋಗಿ, 1953ರಲ್ಲಿ ಡಾಕ್ಟರೇಟು ಪಡೆದು ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಲೆಮಾರುಗಟ್ಟಲೆ ಎಂಜಿನಿಯರರನ್ನು ತಯಾರುಮಾಡಿದರು.

ಸ್ವಾತಂತ್ರ್ಯಾನಂತರ 1954-55ರಿಂದ ಕೇಂದ್ರ ಸರಕಾರ ಪರಿಶಿಷ್ಟರಿಗಾಗಿ ವಿದೇಶ ವಿದ್ಯಾರ್ಥಿವೇತನ ಶುರುಮಾಡಿತು. ಅಲ್ಪಸಂಖ್ಯಾತರ ಮಕ್ಕಳಿಗಾಗಿ 2013-14ರಲ್ಲಿ 'ಪಢೋ ಪರದೇಶ' ಬಂದಿತು. ಅದು ವಿದೇಶ ವ್ಯಾಸಂಗದ ಸಾಲದ ಬಡ್ಡಿಯನ್ನು ಸರಕಾರವೇ ಭರಿಸುವ ಯೋಜನೆ. 2022-23ರಿಂದ ಅದು ನಿಂತುಹೋಯಿತು. ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಈ ಎರಡು ಯೋಜನೆಗಳೂ ಸ್ನಾತಕೋತ್ತರ ಪದವಿ ಮತ್ತು ಸಂಶೋಧನೆಗೆ ಮಾತ್ರ. ಪಿಯುಸಿ ಮುಗಿಸಿ ನೇರವಾಗಿ ಹೊರಡುವವನಿಗೆ ಇವು ಯಾವ ಕಾಲಕ್ಕೂ ಇರಲಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಆಸ್ತಿ ಅಡಮಾನ ಬೇಕು. ಹೊಲವಿಲ್ಲದವನು ಅಲ್ಲಿಗೇ ನಿಲ್ಲುತ್ತಾನೆ. ಇದ್ದವನು ಹೊಲವನ್ನು ಒತ್ತೆಯಿಡುತ್ತಾನೆ.

ರಶಿಯಾದ ದಾರಿ ನಮ್ಮ ಮಕ್ಕಳಿಗೆ ಹೇಗೆ ತೆರೆಯಿತು ಎಂಬುದೂ ಇದೇ ಹಣದ ಕಥೆ. 1960ರಲ್ಲಿ ಮಾಸ್ಕೋದಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಬಡ ಮಕ್ಕಳಿಗಾಗಿ ವಿಶ್ವವಿದ್ಯಾಲಯವೊಂದು ತೆರೆಯಿತು. ಮುಂದೆ ಅದು ಪಾಟ್ರಿಸ್ ಲುಮುಂಬಾ ಹೆಸರು ಪಡೆಯಿತು. ಆಯ್ಕೆಯಾದವನಿಗೆ ಓದು, ವಸತಿ, ಕೈಖರ್ಚು ಎಲ್ಲವೂ ಆ ಸರಕಾರದ್ದು, ಮೊದಲ ವರ್ಷ ರಶಿಯನ್ ಭಾಷೆಯ ಪಾಠ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಹೊಸ ದೇಶಗಳ ವೈದ್ಯಕೀಯ ಕಾಲೇಜುಗಳಿಗೆ ಹಣ ಬೇಕಾಗಿತ್ತು, ನಮ್ಮಲ್ಲಿ ಸೀಟು ಸಿಗದ ಮಕ್ಕಳಿದ್ದರು. ಹಳೆಯ ದಾರಿ ಹಾಗೇ ಉಳಿಯಿತು, ವಿದ್ಯಾರ್ಥಿವೇತನದ ಜಾಗಕ್ಕೆ ಶುಲ್ಕ ಬಂದಿತು, ನಡುವೆ ಏಜೆಂಟ ಹುಟ್ಟಿಕೊಂಡ.

ಹೋದಲ್ಲಿ ಯಾರಿದ್ದಾರೆ?

ನೂರು ವರ್ಷದ ಹಿಂದೆ ಲಂಡನ್ನಿಗೆ ಹೋದ ಭಾರತೀಯ ವಿದ್ಯಾರ್ಥಿ ಕ್ರಾಮ್‌ವೆಲ್ ರಸ್ತೆಯ 21ನೇ ನಂಬರಿನ ಮನೆಯ ವಿಳಾಸವನ್ನು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. 1909ರಲ್ಲಿ ಭಾರತೀಯ ವಿದ್ಯಾರ್ಥಿಗಳ ಸಲಹೆಗಾರರಾಗಿ ನೇಮಕವಾದ ಟಿ. ಡಬ್ಲ್ಯು. ಆರ್ನಾಲ್ಡ್ ಅಲಿಗಡದಲ್ಲಿ ಪಾಠ ಹೇಳಿದ್ದವರು, ಲಾಹೋರಿನಲ್ಲಿ ಇಕ್ಬಾಲರ ಗುರುಗಳಾಗಿದ್ದವರು. ಈ ಏರ್ಪಾಡಿನ ಹಿಂದೆ ಸರಕಾರದ ಅನುಮಾನವೂ ಇತ್ತು. ವಿದ್ಯಾರ್ಥಿಗಳು ಕ್ರಾಂತಿಕಾರಿಗಳ ಸಹವಾಸಕ್ಕೆ ಬೀಳದಂತೆ ಕಣ್ಣಿಡುವ ಉದ್ದೇಶ ಅದಕ್ಕಿತ್ತು. ಆದರೂ ಯಾವ ಕಾಲೇಜು ಒಳ್ಳೆಯದು, ಎಲ್ಲಿ ಉಳಿಯಬೇಕು, ಎಷ್ಟು ಖರ್ಚಾಗುತ್ತದೆ ಎಂದು ಹೇಳುವ ಒಬ್ಬ ಅಧಿಕೃತ ಮನುಷ್ಯ ಅಲ್ಲಿದ್ದ. ಅರಬ್ಬಿ ಕಲಿತ ಮಕ್ಕಳಿಗೆ ಇಂಥ ದಾರಿ ಇಂದಿಗೂ ಇದೆ. 1961ರಲ್ಲಿ ಶುರುವಾದ ಮದೀನಾದ ಇಸ್ಲಾಮೀ ವಿಶ್ವವಿದ್ಯಾಲಯ ಆಯ್ಕೆಯಾದವರಿಗೆ ವಸತಿ, ವಜೀಫಾ ಕೊಡುತ್ತದೆ. ಅಲ್ಲಿಗೆ ಹೋಗುವವನು ಏಜೆಂಟನಿಗೆ ಹೊಲ ಬರೆದುಕೊಡಬೇಕಾಗಿಲ್ಲ.

ವೈದ್ಯಕೀಯ ಓದಿಗೆ ಹೊರಟವನಿಗೆ ಮಾತ್ರ ಇಂದು ಸಲಹೆಗಾರನೂ ಏಜೆಂಟನೇ, ಮಾರುವವನೂ ಏಜೆಂಟನೇ. ಇದರ ಬೆಲೆ ಏನೆಂಬುದನ್ನು ಕರ್ನಾಟಕ ಎರಡು ಸಲ ಕಂಡಿತು. 2020ರಲ್ಲಿ ಕೋವಿಡ್ ಕಾರಣದಿಂದ ಚೀನಾದಿಂದ ಮರಳಿದ ವಿದ್ಯಾರ್ಥಿಗಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂದಿರುಗಲಾಗಲಿಲ್ಲ. ಹೆಣದ ಪಾಠ, ರೋಗಿಯ ಪಾಠಗಳೆಲ್ಲ ಮೊಬೈಲಿನ ಪರದೆಯ ಮೇಲೆ ನಡೆದವು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಶೆಲ್ ದಾಳಿಗೆ ಬಲಿಯಾದ. ನಾಲ್ಕನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿ, ಇನ್ನೂ 21ರ ಹರೆಯ, ತಿನ್ನಲು ಏನಾದರೂ ತರಲೆಂದು ಹೊರಬಂದಿದ್ದ. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲ, ಖಾಸಗಿ ಸೀಟಿನ ಕೋಟಿ ರೂಪಾಯಿ ತಮ್ಮಲ್ಲಿರಲಿಲ್ಲ ಎಂದು ಅವನ ತಂದೆ ನೋವಿನಿಂದ ಹೇಳಿದರು. ಮಾರ್ಚ್ 21ರಂದು ಬಂದ ಮಗನ ದೇಹವನ್ನು ಅವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯನಾಗಬೇಕಾಗಿದ್ದವನು ವೈದ್ಯರಾಗುವವರ ಪಾಠವಾದ. ಇದಕ್ಕಿಂತ ಹೆಚ್ಚಿನದನ್ನು ಒಬ್ಬ ತಂದೆಯಿಂದ ಯಾವ ಸಮಾಜವೂ ಕೇಳಲಾರದು.

ಬಿಜಾಪುರದಲ್ಲಿಯೇ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್-ಅಮೀನ್ 1984ರದು, ಬಿಎಲ್‌ಡಿಇಯವರದು 1986ರದು. ಶಹರದಲ್ಲಿ ಕಾಲೇಜಿದ್ದೂ ಹಳ್ಳಿಯ ಹುಡುಗ ಸಾವಿರಾರು ಮೈಲಿ ಆಚೆ ಹೋಗುತ್ತಾನೆಂದರೆ ಅದು ಅವನ ಹುಚ್ಚಲ್ಲ, ಸೀಟಿನ ಬೆಲೆಯ ಲೆಕ್ಕ.

ಜಮಾತು ಮಾಡಬಹುದಾದದ್ದು

ಹೋಗುವವರನ್ನು ತಡೆಯುವುದು ಈ ಬರಹದ ಉದ್ದೇಶವಲ್ಲ. ವಿದ್ಯೆಗಾಗಿ ಚೀನಾದವರೆಗೂ ಹೋಗಬೇಕೆಂಬ ಅರ್ಥದ ಮಾತನ್ನು ನಮ್ಮ ಜಲ್ಸಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅದರ ಸನದು ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ವಿದ್ಯೆ ಕಡ್ಡಾಯ ಎಂಬ ಬೋಧನೆಗಂತೂ ಅಂಥ ಸಂಶಯವಿಲ್ಲ. ಹೋಗುವುದಾದರೆ ಕಣ್ಣು ತೆರೆದು ಹೋಗಬೇಕು. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಗಳನ್ನು ಹಣ ಕಟ್ಟುವ ಮುಂಚೆ ಓದಬೇಕು. ನೀಟ್ ಪಾಸಾಗಿರಬೇಕು. ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಮರಳಿದ ಮೇಲೆ ಇಲ್ಲಿ ಇನ್ನೂ 12 ತಿಂಗಳು. ಓದಿದ ದೇಶದಲ್ಲಿ ವೃತ್ತಿ ಮಾಡುವ ಅರ್ಹತೆಯನ್ನೂ ಆ ಪದವಿ ಕೊಡಬೇಕು. ಇದೆಲ್ಲದರ ಮೇಲೆ, 2002ರಿಂದ ನಡೆಯುತ್ತಿರುವ ಪರೀಕ್ಷೆಯಂಥ ಅರ್ಹತಾ ಪರೀಕ್ಷೆಯನ್ನು ಇಲ್ಲಿ ಪಾಸು ಮಾಡಬೇಕು. ಹೊರಡುವ ದಿನ ಹೂಮಾಲೆ ಹಾಕುವ ನಾವು, ಮರಳಿ ಬಂದು ಈ ಪರೀಕ್ಷೆಗೆ ಮತ್ತೆ ಮತ್ತೆ ಕೂಡುವವನ ಮನೆಯ ಬಾಗಿಲು ತಟ್ಟುವುದಿಲ್ಲ.

ಬಡ್ಡಿಯ ಪ್ರಶ್ನೆ ನಮ್ಮ ಮನೆಗಳಿಗೆ ಸಣ್ಣದಲ್ಲ. ಎಷ್ಟೋ ತಂದೆ-ತಾಯಿ ಬ್ಯಾಂಕಿನ ಸಾಲಕ್ಕೆ ಹೆದರಿ ಹೊಲ ಮಾರುತ್ತಾರೆ, ಇಲ್ಲವೇ ಊರಿನ ಸಾಹುಕಾರನ ಹತ್ತಿರ ಹೋಗಿ ಅದಕ್ಕಿಂತ ದುಬಾರಿ ಬಡ್ಡಿಗೆ ಬೀಳುತ್ತಾರೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆ ತಂದಿದೆ. ಆದರೆ ಅದರ ಸುದ್ದಿ ಹಳ್ಳಿಗೆ ತಲುಪಿಸುವವರು ಬೇಕು. ಜಕಾತಿನ ಎಂಟು ಬಾಬತ್ತುಗಳಲ್ಲಿ ಸಾಲದಲ್ಲಿ ಮುಳುಗಿದವನೂ ಇದ್ದಾನೆ, ದಾರಿಹೋಕನೂ ಇದ್ದಾನೆ. ದೂರದಲ್ಲಿ ಓದುವ ಬಡ ವಿದ್ಯಾರ್ಥಿ ಇದರಲ್ಲಿ ಬರುತ್ತಾನೆಯೇ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ. ಅದನ್ನು ಅವರು ಬಗೆಹರಿಸಲಿ. ಆದರೆ ಬೈತುಲ್‌ಮಾಲ್‌ನಲ್ಲಿ ಸದ್ಕಾದ ಹಣದಿಂದ ಬಡ್ಡಿಯಿಲ್ಲದ, ತೀರಿಸಿದ ಮೇಲೆ ಮುಂದಿನವನಿಗೆ ಹೋಗುವ ಒಂದು ಸಾಲದ ನಿಧಿ ಇಡಲು ಯಾರ ಭಿನ್ನಾಭಿಪ್ರಾಯವೂ ಇಲ್ಲ. ಟಾಟಾರಿಗೆ 1892ರಲ್ಲಿ ಹೊಳೆದದ್ದು, ಕರ್ಜೆ ಹಸನಾ ಎಂಬ ಹೆಸರಿನಲ್ಲಿ ನಮ್ಮಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇದ್ದದ್ದೇ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಬಿಡುವಂತಿಲ್ಲ. ಬಬಲೇಶ್ವರ ಕಡೆಯ ಹುಡುಗಿ ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ಪಡೆದಿದ್ದರೂ ಹೊಲ ಮಾರುವುದು ಅಣ್ಣನಿಗಾಗಿ. ಅವಳ ಪಾಲಿನ ಹಣ ಜಹೇಜಿಗೆ. 1895ರಲ್ಲಿ ಹದಿನಾರರ ಹುಡುಗಿಯೊಬ್ಬಳನ್ನು ಕಡಲಾಚೆ ಕಳಿಸಲು ನಿಜಾಮರ ದರ್ಬಾರು ಹಿಂಜರಿಯಲಿಲ್ಲ. ಒಂದೂಕಾಲು ಶತಮಾನದ ನಂತರ ನಾವು ಹಿಂಜರಿಯುವುದಕ್ಕೆ ದೀನಿನ ಕಾರಣವಿಲ್ಲ.

ಆಸಾರ್ ಮಹಲು ಇಂದಿಗೂ ಬಿಜಾಪುರದಲ್ಲಿ ಕೆರೆಯ ಪಕ್ಕ ನಿಂತಿದೆ. ಅದರ ಪುಸ್ತಕಗಳನ್ನು ನಾವು ಲಂಡನ್ನಿನಿಂದ ಮರಳಿ ತರಲಾರೆವು. ಅಲ್ಲಿ ಓದುವವನ ಎರಡು ಹೊತ್ತಿನ ಊಟ ಯಾರ ಜವಾಬ್ದಾರಿಯಾಗಿತ್ತು ಎಂಬುದನ್ನಾದರೂ ನೆನಪಿಟ್ಟುಕೊಳ್ಳಬಹುದು. ಅರಕೇರಿಯ ಮಗುವೊಂದು ಓದಲು ಹೊರಟಾಗ ಅದು ಒಂದು ಮನೆಯ ಸಾಲವಾಗದೆ ಒಂದು ಊರಿನ ಹೊಣೆಯಾದರೆ, ಅಮೋಘಸಿದ್ಧನ ಒಕ್ಕಲಿನವರೂ ಮಸೀದಿಯ ಜಮಾತಿನವರೂ ಒಂದೇ ನಿಧಿಗೆ ಕೈಹಾಕಿದರೆ, ಏಜೆಂಟನ ಫೋನಿಗೆ ಕಾಯುವ ಕೆಲಸ ತಪ್ಪೀತು. ಓದಿ ಮರಳಿ ಬಂದವನಿಗೂ ತಾನು ಯಾರಿಗೆ ಋಣಿ ಎಂಬುದು ಗೊತ್ತಿದ್ದೀತು.